ಅತ್ತೆ, ಮಗಳು, 9 ರಾತ್ರಿ: ಶ್ರೀಲಂಕಾದಲ್ಲಿ ಎಲ್ಲೆಲ್ಲಿ ಉಳಿಯೋದು?

ಓದುಗರೊಬ್ಬರ ಪ್ರಶ್ನೆ: ಜುಲೈ ಮಧ್ಯದಲ್ಲಿ 9 ರಾತ್ರಿಗೆ ಶ್ರೀಲಂಕಾಕ್ಕೆ ಹೊರಟಿದ್ದೇವೆ. ನಾನು, ನನ್ನವರು, 9 ವರ್ಷದ ಮಗಳು ಮತ್ತು 68 ವರ್ಷದ ಅತ್ತೆ. ಅತ್ತೆಗೆ ಮಂಡಿನೋವು, ಆದರೆ ಸಮುದ್ರದಲ್ಲಿ ಕಾಲಿಡಬೇಕು ಅಂತ ತುಂಬಾ ಆಸೆ. ಎಲ್ಲರೂ ಸಸ್ಯಾಹಾರಿಗಳು. ಗೆಳತಿ ಹೇಳ್ತಾಳೆ, "ಸುಮ್ನೆ ಊರೂರು ಅಲೀಬೇಡಿ, ಬೆಂತೋಟದಲ್ಲಿ ಒಂದು ಬೀಚ್ ರೆಸಾರ್ಟ್ ತಗೊಳ್ಳಿ, ಅಲ್ಲಿಂದಲೇ ಎಲ್ಲ ನೋಡಬಹುದು, ಈಗ ಅರ್ಧ ಬೆಲೆಗೆ ಸಿಗ್ತಿದೆ" ಎಂದು. ನನ್ನವರು 7 ಊರುಗಳ ಪಟ್ಟಿ ಮಾಡಿದ್ದಾರೆ. ಹೋಂಸ್ಟೇ ಅಗ್ಗ, ಆದರೆ ಸೊಳ್ಳೆ, ಮಲೇರಿಯಾ, ಸ್ವಚ್ಛತೆ ನೆನೆದರೆ ಭಯ. ಎಸಿ ಇಲ್ಲದೆ ಆಗುತ್ತದಾ? ಊಟಕ್ಕೆ ಏನು ಮಾಡೋದು? ಯಾವ ಹೋಟೆಲ್ ತಗೊಳ್ಳಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತಿದೆ. ಒಂದು, ದುಡ್ಡು ಕೊಟ್ಟು ತಪ್ಪು ಜಾಗ ಹಿಡಿದುಬಿಡುತ್ತೇವೇನೋ ಎಂದು. ಇನ್ನೊಂದು, ಅತ್ತೆಗೋ ಮಗಳಿಗೋ ಹುಷಾರು ತಪ್ಪಿದರೆ ಎಂದು. ಎರಡೂ ಸರಿಯಾದ ಭಯಗಳೇ. ಆದರೆ "ಯಾವ ಹೋಟೆಲ್" ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಲವು ವರ್ಷಗಳಿಂದ ಕುಟುಂಬಗಳಿಗೆ ಈ ದ್ವೀಪದ ಪ್ರವಾಸ ಹೊಂದಿಸಿಕೊಡುತ್ತಿದ್ದೇನೆ. ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಯಾವ ತಿಂಗಳು? ಕೋಣೆಯಲ್ಲಿ ಜಾಸ್ತಿ ಹೊತ್ತು ಇರುವವರು ಯಾರು?

ತಿಂಗಳಿನಿಂದ ಶುರು ಮಾಡೋಣ, ಯಾಕಂದ್ರೆ ಗೆಳತಿಯ ಅರ್ಧ ಬೆಲೆಯ ಗುಟ್ಟು ಅಲ್ಲೇ ಇದೆ. ಶ್ರೀಲಂಕಾದಲ್ಲಿ ಮಳೆಗಾಲ ಎರಡು. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸಿ ಬೆಂತೋಟ, ಗಾಲ್, ಮಿರಿಸ್ಸ ಇರುವ ಪಶ್ಚಿಮ ಮತ್ತು ದಕ್ಷಿಣ ತೀರವನ್ನು ಕಲಕುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈಶಾನ್ಯ ಮಾರುತ, ಆಗ ಪೂರ್ವ ತೀರದ ಸರದಿ. ನಡುವೆ 2,500 ಮೀಟರ್ ಮುಟ್ಟುವ ಬೆಟ್ಟಸಾಲು ಗೋಡೆಯ ಹಾಗೆ ನಿಂತಿದೆ. ಒಂದು ಕಡೆಯಿಂದ ಬಂದ ಮೋಡ ಅಲ್ಲೇ ಸುರಿದು ಮುಗಿಯುತ್ತದೆ, ಇನ್ನೊಂದು ಕಡೆಗೆ ಒಣಗಾಳಿ ಇಳಿಯುತ್ತದೆ. ನಮ್ಮ ಘಟ್ಟ ನೋಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಜುಲೈನಲ್ಲಿ ಬೆಂತೋಟದಲ್ಲಿ ದಿನವಿಡೀ ಮಳೆ ಸುರಿಯುತ್ತದೆ ಎಂದಲ್ಲ. ಮೇ, ಜೂನ್‌ಗಿಂತ ಮಳೆ ಇಳಿದಿರುತ್ತದೆ, ಬಿಸಿಲೂ ಬರುತ್ತದೆ. ಆದರೆ ಸಮುದ್ರ ಮಾತ್ರ ಒರಟು. ಅಲೆ ದಡಕ್ಕೆ ಅಪ್ಪಳಿಸಿ ಹಿಂದಕ್ಕೆ ಎಳೆಯುತ್ತದೆ, ಕೆಂಪು ಬಾವುಟ ಹಾರುತ್ತಿರುತ್ತದೆ. ಮಂಡಿನೋವಿನ ಅಜ್ಜಿ, 9 ವರ್ಷದ ಹುಡುಗಿ ನೀರಿಗಿಳಿಯುವ ಹಾಗಿಲ್ಲ. ರೆಸಾರ್ಟ್‌ನವರು ಬೆಲೆ ಇಳಿಸುವುದು ಇದಕ್ಕೇ. ಅದರಲ್ಲಿ ಮೋಸವೇನೂ ಇಲ್ಲ. ಈಜುಕೊಳದ ಪಕ್ಕ ಆರಾಮಾಗಿ ಕೂರಬೇಕು ಅನ್ನುವವರಿಗೆ ಅದು ಒಳ್ಳೇ ವ್ಯವಹಾರ. ನಿಮ್ಮ ಅತ್ತೆಯ ಆಸೆಗೆ ಮಾತ್ರ ಅದು ತಪ್ಪು ತೀರ.

"ಅಲ್ಲಿಂದಲೇ ಎಲ್ಲ ನೋಡಬಹುದು" ಎಂಬ ಮಾತಂತೂ ನಕ್ಷೆ ನೋಡಿ ಹೇಳಿದ್ದು. ದ್ವೀಪದ ಉದ್ದ ಸುಮಾರು 430 ಕಿಲೋಮೀಟರ್, ಅಗಲ ಅದರ ಅರ್ಧ. ಕಾಗದದ ಮೇಲೆ ಚಿಕ್ಕದು ಅಲ್ವಾ? ಆದರೆ ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಉಳಿದ ರಸ್ತೆಗಳಲ್ಲಿ ಗಂಟೆಗೆ 35-40 ಕಿಲೋಮೀಟರ್ ಸಾಗಿದರೆ ಹೆಚ್ಚು. ಬೆಂತೋಟದಿಂದ ಸಿಗಿರಿಯಕ್ಕೆ ಹೋಗೋಕೇ ಸುಮಾರು 5 ಗಂಟೆ ಬೇಕು. ಅದೇ ದಿನ ವಾಪಸ್ ಬರುವುದೆಂದರೆ ಅತ್ತೆ ಮರುದಿನ ಮಂಚದಿಂದ ಏಳುವುದಿಲ್ಲ.

ನಿಮ್ಮವರ 7 ಊರಿನ ಪಟ್ಟಿಯೂ ಬೇಡ. ಊರು ಬದಲಿಸಿದ ಪ್ರತಿ ದಿನವೂ ಅರ್ಧ ದಿನ ಹೋದ ಹಾಗೆಯೇ. ಪೆಟ್ಟಿಗೆ ಕಟ್ಟಬೇಕು, 11ಕ್ಕೆ ಕೋಣೆ ಬಿಡಬೇಕು, ಹೊಸ ಕಡೆ 2 ಗಂಟೆವರೆಗೆ ಕೋಣೆ ಸಿಗುವುದಿಲ್ಲ. ಆ ಮೂರು ಗಂಟೆ ಮಗು ಕಾರಿನಲ್ಲಿ, ಅಜ್ಜಿ ಯಾವುದೋ ಪ್ಲಾಸ್ಟಿಕ್ ಕುರ್ಚಿಯಲ್ಲಿ. 9 ರಾತ್ರಿಗೆ 4 ಊರು ಸಾಕು. ಅದಕ್ಕಿಂತ ಒಂದೂ ಹೆಚ್ಚು ಬೇಡ.

ನನ್ನನ್ನು ಕೇಳಿದರೆ ಮೊದಲ ರಾತ್ರಿ ನೆಗೊಂಬೊ. ವಿಮಾನ ನಿಲ್ದಾಣ ಇರುವುದು ಕಟುನಾಯಕದಲ್ಲಿ. ಅಲ್ಲಿಂದ ಕೊಲಂಬೊ 30 ಕಿಲೋಮೀಟರ್ ಮೇಲಾಗುತ್ತದೆ, ನೆಗೊಂಬೊ ಹತ್ತೇ. ರಾತ್ರಿ ಇಳಿದು ಕೊಲಂಬೊಗೆ ಹೋಗಿ, ಬೆಳಿಗ್ಗೆ ಅದೇ ದಾರಿಯಲ್ಲಿ ಉತ್ತರಕ್ಕೆ ಬರುವುದು ವ್ಯರ್ಥ. ಮುಂದಿನ 3 ರಾತ್ರಿ ಸಿಗಿರಿಯ ಅಥವಾ ಹಬರಣ. ಬಂಡೆಕೋಟೆ, ದಂಬುಲ್ಲದ ಗುಹಾದೇವಾಲಯ, ಪೊಲೊನ್ನರುವ, ಎಲ್ಲವೂ ಅಲ್ಲಿಂದ ಅರ್ಧರ್ಧ ದಿನದ ಓಡಾಟ. ಜುಲೈನಲ್ಲಿ ಮಿನ್ನೇರಿಯ ಕೆರೆಯ ನೀರು ಇಳಿದು ಹಸಿರು ಹುಲ್ಲು ಬರುತ್ತದೆ, ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೆ ಸೇರಲು ಶುರು ಮಾಡುತ್ತವೆ. ಮಗಳಿಗೆ ಅದಕ್ಕಿಂತ ಬೇರೆ ಬೇಕೇ? ಆಮೇಲೆ 3 ರಾತ್ರಿ ಪೂರ್ವ ತೀರದ ಟ್ರಿಂಕೋಮಲಿ. ಹಬರಣದಿಂದ ಸುಮಾರು 2 ಗಂಟೆ ದಾರಿ. ಪಶ್ಚಿಮದ ಕಡಲು ಕೆರಳಿರುವಾಗ ಇಲ್ಲಿಯದು ಶಾಂತವಾಗಿರುತ್ತದೆ. ಕೊನೆಯ 2 ರಾತ್ರಿ ಕ್ಯಾಂಡಿ. ಟ್ರಿಂಕೋದಿಂದ ಕ್ಯಾಂಡಿಯ ದಾರಿ ಮಾತ್ರ ಉದ್ದ, 5 ಗಂಟೆ ಇಟ್ಟುಕೊಳ್ಳಿ, ನಡುವೆ ಊಟಕ್ಕೆ ನಿಲ್ಲಿ. ಕ್ಯಾಂಡಿಯಿಂದ ವಿಮಾನ ನಿಲ್ದಾಣಕ್ಕೆ ಮೂರು, ಮೂರೂವರೆ ಗಂಟೆ.

ನುವರ ಎಳಿಯ ಯಾಕೆ ಬಿಟ್ಟೆ ಎಂದು ನಿಮ್ಮವರು ಕೇಳಬಹುದು. 1,868 ಮೀಟರ್ ಎತ್ತರದ ಊರು, ಜುಲೈನಲ್ಲಿ ಮಂಜು, ಜಿಟಿಜಿಟಿ ಮಳೆ, ರಾತ್ರಿ ಚಳಿ. ಬೀಚಿಗೆಂದು ತಂದ ಬಟ್ಟೆಯಲ್ಲಿ ಅತ್ತೆ ನಡುಗುತ್ತಾರೆ. ಚಹಾ ತೋಟ ನೋಡಲೇಬೇಕು ಅಂದರೆ ಬೆಟ್ಟದ ಆ ಕಡೆಯ ಬಂಡಾರವೆಲ ಕಡೆ ಹೋಗಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣಗಾಳಿ ಬೀಸುತ್ತದೆ, ಊವ ಪ್ರಾಂತ್ಯದ ಚಹಾಕ್ಕೆ ಒಳ್ಳೇ ಘಮ ಬರುವುದೇ ಆ ದಿನಗಳಲ್ಲಿ. ಆದರೆ ಆಗ ಟ್ರಿಂಕೋ ಕೈಬಿಡಬೇಕು. ಎರಡನ್ನೂ ತುರುಕಿದರೆ 9 ರಾತ್ರಿ ಸಾಲುವುದಿಲ್ಲ.

ಈಗ ಎರಡನೇ ಪ್ರಶ್ನೆ. ಕೋಣೆಯಲ್ಲಿ ಜಾಸ್ತಿ ಹೊತ್ತು ಇರುವವರು ಅತ್ತೆ. ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. ನೀವು ಮೂವರು ಬೆಳಿಗ್ಗೆ ಬೇಗ ಹತ್ತಿ ಇಳಿಯುವಷ್ಟರಲ್ಲಿ ಮೂರು ಗಂಟೆಯಾದರೂ ಆಗುತ್ತದೆ. ಆ ಹೊತ್ತು ಅವರು ಎಲ್ಲಿ ಕೂತಿರುತ್ತಾರೆ ಎಂದು ಕಣ್ಣಮುಂದೆ ತಂದುಕೊಳ್ಳಿ. ನೆರಳಿನ ಜಗಲಿ, ಬೆನ್ನು ಊರುವ ಕುರ್ಚಿ, ನಾಲ್ಕು ಹೆಜ್ಜೆಗೆ ಬಚ್ಚಲು, ಕಮೋಡ್, ಹಿಡಿದುಕೊಳ್ಳಲು ಏನಾದರೂ ಆಸರೆ, ಒಂದು ಲೋಟ ಚಹಾ ತಂದುಕೊಟ್ಟು ಎರಡು ಮಾತಾಡುವ ಮನೆಯವರು. ಇಷ್ಟು ಹೊಂದಿಸಿ ನೋಡಿದರೆ ಸಿಗಿರಿಯದಲ್ಲಿ ದೊಡ್ಡ ರೆಸಾರ್ಟ್‌ಗಿಂತ ಏಳೆಂಟು ಕೋಣೆಯ ಗೆಸ್ಟ್‌ಹೌಸ್ ವಾಸಿ. ಊರು ಸಮತಟ್ಟು, ಕೋಣೆಗಳು ನೆಲಮಟ್ಟದಲ್ಲೇ ಇರುತ್ತವೆ. ದೊಡ್ಡ ರೆಸಾರ್ಟ್‌ಗಳಲ್ಲಿ ಸ್ವಾಗತ ಕಟ್ಟೆಯಿಂದ ಕೋಣೆಗೆ, ಕೋಣೆಯಿಂದ ಊಟಕ್ಕೆ ನಡೆದೇ ಮಂಡಿ ಸೋತುಹೋಗುತ್ತದೆ.

ಹಿಂದೊಮ್ಮೆ ಇದೇ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೆ. ಬೆಟ್ಟದೂರೊಂದರಲ್ಲಿ ಒಂದು ಕುಟುಂಬಕ್ಕೆ ಕಣಿವೆ ಕಾಣುವ ಚಂದದ ಕೋಣೆ ಹಿಡಿದುಕೊಟ್ಟೆ. ರಸ್ತೆಯಿಂದ ಕೋಣೆಗೆ 94 ಮೆಟ್ಟಿಲು. ಫೋಟೊದಲ್ಲಿ ಕಣಿವೆ ಕಂಡಿತ್ತು, ಮೆಟ್ಟಿಲು ಕಂಡಿರಲಿಲ್ಲ. ಆ ಮನೆಯ ಹಿರಿಯರು ಎರಡು ದಿನ ಕೆಳಗಿಳಿಯಲೇ ಇಲ್ಲ. ಅವತ್ತಿನಿಂದ "ವಾಹನ ನಿಲ್ಲುವ ಜಾಗದಿಂದ ಹಾಸಿಗೆವರೆಗೆ ಎಷ್ಟು ಮೆಟ್ಟಿಲು?" ಎಂದು ಕೇಳದೆ ಯಾವ ಕೋಣೆಯನ್ನೂ ಕಾದಿರಿಸುವುದಿಲ್ಲ. "ಸ್ವಲ್ಪ ಇದೆ" ಎಂಬ ಉತ್ತರ ಒಪ್ಪಬೇಡಿ, ಸಂಖ್ಯೆಯೇ ಕೇಳಿ. ಕ್ಯಾಂಡಿಯಲ್ಲಿ ಇದು ಇನ್ನೂ ಮುಖ್ಯ. ಕೆರೆಯ ಮೇಲಿನ ಗುಡ್ಡದಲ್ಲಿರುವ ಗೆಸ್ಟ್‌ಹೌಸ್‌ಗಳು ನೋಡಲು ಸುಂದರ, ದಾರಿ ಮಾತ್ರ ಕಡಿದಾದ ಏರು. ಬೆಲೆ ಸ್ವಲ್ಪ ಹೆಚ್ಚಾದರೂ ಕೆರೆಯ ಮಟ್ಟದಲ್ಲೇ ನೋಡಿ.

ಗುಡ್ಡದ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಕ್ಯಾಂಡಿ, ಬದುಳ್ಳ, ನುವರ ಎಳಿಯ ಜಿಲ್ಲೆಗಳಲ್ಲಿ ಬೆಟ್ಟಗಳು ಕುಸಿದು ತುಂಬಾ ಜನ ಜೀವ ಕಳೆದುಕೊಂಡರು. ಕಡಿದಾದ ಇಳಿಜಾರಿನ ಅಂಚಿನಲ್ಲಿ ಹೊಸದಾಗಿ ಮಣ್ಣು ಕಡಿದು ಕಟ್ಟಿದ ಕಟ್ಟಡ ಕಂಡರೆ ನಾನು ಬಿಟ್ಟುಬಿಡುತ್ತೇನೆ, ನೋಟ ಎಷ್ಟೇ ಚೆನ್ನಾಗಿರಲಿ. ಮಳೆ ಜೋರಾದರೆ ಅಲ್ಲಿನ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಭೂಕುಸಿತದ ಎಚ್ಚರಿಕೆ ಹೊರಡಿಸುತ್ತದೆ. ಸುದ್ದಿಯಲ್ಲಿ ಅದನ್ನು ಗಮನಿಸಿ.

ಇನ್ನು ಸೊಳ್ಳೆ. ಮಲೇರಿಯಾ ಭಯ ಬಿಡಿ. 2016ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾಮುಕ್ತ ಎಂದು ಘೋಷಿಸಿದೆ. ನಿಜವಾಗಿ ಎಚ್ಚರ ಬೇಕಿರುವುದು ಡೆಂಗಿ ಬಗ್ಗೆ. 2017ರಲ್ಲಿ ಅಲ್ಲಿ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂದಿತ್ತು. ನೈಋತ್ಯ ಮಳೆ ಬಿದ್ದ ಮೇಲೆ, ಜೂನ್–ಜುಲೈನಲ್ಲಿ, ಕೊಲಂಬೊ ಮತ್ತು ನೆಗೊಂಬೊ ಇರುವ ಪಶ್ಚಿಮ ಪ್ರಾಂತ್ಯದಲ್ಲಿ ಅದು ಏರುತ್ತದೆ.

ಜನ ಇಲ್ಲಿ ಒಂದು ವಿಷಯ ತಪ್ಪು ತಿಳಿದಿದ್ದಾರೆ. ರಾತ್ರಿ ಸೊಳ್ಳೆಪರದೆ ಕಟ್ಟಿದರೆ ಆಯಿತು ಎಂದುಕೊಳ್ಳುತ್ತಾರೆ. ಡೆಂಗಿ ಸೊಳ್ಳೆ ಕಚ್ಚುವುದು ಹಗಲು, ಅದರಲ್ಲೂ ಬೆಳಗಾದ ಮೇಲಿನ ಒಂದೆರಡು ಗಂಟೆ ಮತ್ತು ಸಂಜೆ ಸೂರ್ಯ ಮುಳುಗುವ ಮುಂಚೆ. ನಿಮ್ಮ ಅತ್ತೆ ಜಗಲಿಯಲ್ಲಿ ಕಾಫಿ ಕುಡಿಯುವ ಹೊತ್ತು, ಮಗಳು ಅಂಗಳದಲ್ಲಿ ಆಡುವ ಹೊತ್ತು. ಅದು ಗಲೀಜು ಚರಂಡಿಯಲ್ಲಿ ಹುಟ್ಟುವುದೂ ಅಲ್ಲ, ತಿಳಿ ನೀರು ಬೇಕು ಅದಕ್ಕೆ. ಹಾಗಾಗಿ ಫಳಫಳ ಹೊಳೆಯುವ ರೆಸಾರ್ಟ್‌ನಲ್ಲೂ ಅಲಂಕಾರದ ತಾವರೆ ಕುಂಡಗಳಿದ್ದರೆ ಡೆಂಗಿ ಇರಬಹುದು. ಒಂದು ಹೋಂಸ್ಟೇ ನೋಡಲು ಹೋಗಿದ್ದೆ. ಒರೆಸಿದ ನೆಲ, ಒಗೆದ ಹಾಸು, ಎಲ್ಲ ಅಚ್ಚುಕಟ್ಟು. ಜಗಲಿಯ ಕಂಬಕ್ಕೆ ಗಾಜಿನ ಬಾಟಲಿಯಲ್ಲಿ ಮನಿಪ್ಲಾಂಟ್ ತೂಗುಹಾಕಿದ್ದರು. ಬಿಸಿಲಿಗೆ ಹಿಡಿದು ನೋಡಿದೆ. ಬೇರಿನ ನಡುವೆ ಕೂದಲೆಳೆಯಂಥ ಮರಿಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ಮನೆಯಾಕೆಗೆ ತೋರಿಸಿದೆ. ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡು, ಮಾತಿಲ್ಲದೆ ಬಾಟಲಿ ತೆಗೆದುಕೊಂಡು ಹೋಗಿ ಬಿಸಿಲಲ್ಲಿ ಚೆಲ್ಲಿ ಬಂದರು. ಎರಡು ವರ್ಷ ಬಿಟ್ಟು ಹೋದಾಗ ಅಲ್ಲಿದ್ದ ಗಿಡಗಳೆಲ್ಲ ಮಣ್ಣಿನ ಕುಂಡಕ್ಕೆ ಬಂದಿದ್ದವು.

ನೀವೂ ಹೋದ ತಕ್ಷಣ ಒಂದು ಸುತ್ತು ಹಾಕಿ. ಕುಂಡದ ತಟ್ಟೆ, ಎಸಿ ನೀರು ಹನಿಯುವ ಬಕೆಟ್, ಮುಚ್ಚಳವಿಲ್ಲದ ಡ್ರಮ್, ತೆಂಗಿನ ಚಿಪ್ಪು. ನೀರು ಕಂಡರೆ ಚೆಲ್ಲಿ ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಿಟಕಿ, ಬಚ್ಚಲಿನ ಗವಾಕ್ಷಿಗೆ ಜಾಲರಿ ಇದೆಯಾ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಮಗಳಿಗೆ, ಅತ್ತೆಗೆ ಸೊಳ್ಳೆ ಕ್ರೀಮ್ ಹಚ್ಚಿ, ಸಂಜೆ ಮತ್ತೆ ಹಚ್ಚಿ. ಅಲ್ಲಿದ್ದಾಗಲೋ, ವಾಪಸ್ ಬಂದ ಎರಡು ವಾರದೊಳಗೋ ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ಅತ್ತೆ ಮಂಡಿಗೆ ದಿನಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ಹೊರಡುವ ಮೊದಲೇ ಅವರ ವೈದ್ಯರ ಹತ್ತಿರ ಮಾತಾಡಿ. ತುರ್ತು ಬಿದ್ದರೆ 1990ಕ್ಕೆ ಕರೆ ಮಾಡಿ, ಸುವ ಸೆರಿಯ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ.

ಎಸಿ ವಿಷಯ ಊರಿನ ಮೇಲೆ ಹೋಗುತ್ತದೆ. ಟ್ರಿಂಕೋದಲ್ಲಿ ಜುಲೈ ಬಿಸಿಲು ಸುಡುತ್ತದೆ, ಅಲ್ಲಿ ಎಸಿ ತಗೊಳ್ಳಿ. ಸಿಗಿರಿಯದಲ್ಲೂ ಇದ್ದರೆ ಒಳ್ಳೆಯದು. ಕ್ಯಾಂಡಿಯಲ್ಲಿ ಫ್ಯಾನ್ ನಡೆಯುತ್ತದೆ. ಆದರೆ ಎಸಿ ಇದೆ ಎಂದ ಮಾತ್ರಕ್ಕೆ ಕೋಣೆ ಚೆನ್ನಾಗಿದೆ ಎಂದಲ್ಲ. ಬಿಸಿ ದೇಶದಲ್ಲಿ ಒಳ್ಳೇ ಕಟ್ಟಡ ಗಾಳಿಯನ್ನು ತಾನೇ ಆಡಿಸುತ್ತದೆ: ಎದುರುಬದುರು ಕಿಟಕಿ, ಉದ್ದ ಇಳಿಸಿದ ಸೂರು, ನಡುವೆ ಅಂಗಳ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಈ ಹಳೇ ಮನೆಗಳ ಬುದ್ಧಿಯನ್ನೇ ಹೊಸ ಕಟ್ಟಡಗಳಿಗೆ ತಂದವರು. ದಂಬುಲ್ಲ ಹತ್ತಿರದ ಕಂದಲಮ ಹೋಟೆಲ್ ಅವರದೇ. ಅಲ್ಲಿ ಉಳಿಯಲು ದುಬಾರಿ, ಆದರೆ ಅದೇ ಜಾಣತನದಿಂದ ಕಟ್ಟಿದ ಸಾದಾ ಮನೆಗಳು ದ್ವೀಪದಲ್ಲಿ ಬೇಕಾದಷ್ಟಿವೆ. ಒಂದೇ ಕಿಟಕಿಯ, ಕಾಂಕ್ರೀಟ್ ತಾರಸಿಯ ಎಸಿ ಕೋಣೆ ಮಾತ್ರ ಕರೆಂಟ್ ಹೋದ ಹತ್ತೇ ನಿಮಿಷಕ್ಕೆ ಒಲೆಯಾಗುತ್ತದೆ. ಜನರೇಟರ್ ಇದೆಯಾ, ಅದರಲ್ಲಿ ಎಸಿ ಓಡುತ್ತದಾ ಅಥವಾ ಬರೀ ಲೈಟಾ, ಕೇಳಿ. ಕೋಣೆಗೆ ಕಾಲಿಟ್ಟ ಕೂಡಲೇ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ. ರೂಮ್ ಸ್ಪ್ರೇ ಹೊಡೆದು ಕೋಣೆಯ ವಾಸನೆ ಮುಚ್ಚಬಹುದು, ಕಪಾಟಿನ ಒಳಗಿನ ಮುಗ್ಗಲು ವಾಸನೆ ಮುಚ್ಚಲು ಯಾರಿಗೂ ನೆನಪಾಗುವುದಿಲ್ಲ. ಅದು ಬಂದರೆ ಬೇರೆ ಕೋಣೆ ಕೇಳಿ.

ಹೋಂಸ್ಟೇ ಎಂದರೆ ಗಲೀಜು ಎಂಬುದು ನನ್ನ ಅನುಭವದಲ್ಲಿ ಸುಳ್ಳು. ಮನೆಯವರೇ ಇರುವ ಕಡೆ ಸ್ವಚ್ಛತೆ ಎಷ್ಟೋ ಸಲ ಹೆಚ್ಚು. ಅಪಾಯ ಬೇರೆ ಇದೆ: ರಾತ್ರಿ ಬಿಸಿನೀರು ಕೆಟ್ಟರೆ ಬೇರೆ ಕೋಣೆ ಇರುವುದಿಲ್ಲ, ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಕೇಳುವವರಿಲ್ಲ. ಹೋಂಸ್ಟೇ, ಗೆಸ್ಟ್‌ಹೌಸ್, ಹೋಟೆಲ್ ಎಲ್ಲವನ್ನೂ ಶ್ರೀಲಂಕಾ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರ ನೋಂದಣಿ ಮಾಡುತ್ತದೆ. ನೋಂದಣಿ ಇದೆಯಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆನ್‌ಲೈನ್ ಅಂಕ ನೋಡುವಾಗ ಒಟ್ಟು ಅಂಕ ಬಿಡಿ. ಹಿಂದಿನ ವರ್ಷಗಳ ಜುಲೈ, ಆಗಸ್ಟ್‌ನಲ್ಲಿ ಉಳಿದವರು ಬರೆದದ್ದನ್ನು ಮಾತ್ರ ಓದಿ. ಜನವರಿಯ ಬಿಸಿಲಲ್ಲಿ ಕುಳಿತು ಕೊಟ್ಟ ಹತ್ತಕ್ಕೆ ಒಂಬತ್ತು ನಿಮ್ಮ ಜುಲೈಗೆ ಏನೂ ಹೇಳುವುದಿಲ್ಲ.

ಊಟ. ಶ್ರೀಲಂಕಾದಲ್ಲಿ ರಸ್ತೆಬದಿ "ಹೋಟೆಲ್" ಎಂಬ ಬೋರ್ಡ್ ಕಂಡರೆ ನಮ್ಮಲ್ಲಿಯ ಹಾಗೇ ಅದು ಊಟದ ಅಂಗಡಿ, ಕೋಣೆ ಇರಲಿಕ್ಕಿಲ್ಲ. ಗೆಸ್ಟ್‌ಹೌಸ್‌ಗಳಲ್ಲಿ ಅನ್ನದ ಜೊತೆ ಐದಾರು ತರಕಾರಿ ಪಲ್ಯ, ಬೇಳೆ, ತೆಂಗಿನಕಾಯಿಯ ಪೊಲ್ ಸಂಬೋಲ ಬರುತ್ತದೆ. ನೋಡಿದರೆ ಪೂರ್ತಿ ಸಸ್ಯಾಹಾರ. ಆದರೆ ಸಂಬೋಲಕ್ಕೆ, ಎಷ್ಟೋ ಸಲ ಪಲ್ಯ ಮತ್ತು ಬೇಳೆಗೂ, ಉಂಬಲಕಡ ಹಾಕುತ್ತಾರೆ. ಒಣಗಿಸಿದ ಮೀನಿನ ಚೂರು ಅದು. ಅವರಿಗೆ ಅದು ಮಸಾಲೆ ಇದ್ದ ಹಾಗೆ, ಮೀನು ಎಂದು ಅನ್ನಿಸುವುದೇ ಇಲ್ಲ. "ವೆಜ್" ಎಂದಷ್ಟೇ ಹೇಳಿದರೆ ಸಾಲದು, "ಉಂಬಲಕಡವೂ ಬೇಡ" ಎಂದು ಕೋಣೆ ಕಾದಿರಿಸುವಾಗಲೇ ಬರೆಯಿರಿ. ಮನೆಯವರು ಅಡುಗೆ ಮಾಡುವ ಕಡೆ ಇದು ಸುಲಭ, ದೊಡ್ಡ ಬಫೆಯಲ್ಲಿ ಕಷ್ಟ. ಟ್ರಿಂಕೋದಲ್ಲಿ ತಮಿಳರು ಹೆಚ್ಚು. ಅಲ್ಲಿ "ಸೈವ" ಎಂದು ಬರೆದ ಊಟದ ಅಂಗಡಿಗಳಿವೆ, ಹಾಗೆಂದರೆ ಶುದ್ಧ ಸಸ್ಯಾಹಾರ. ಅತ್ತೆಗೆ ದೋಸೆ ಸಿಗುತ್ತದೆ.

ದುಡ್ಡಿನ ಬಗ್ಗೆ ಒಂದೇ ಮಾತು. ಬೆಲೆಯ ಮುಂದೆ "ಪ್ಲಸ್ ಪ್ಲಸ್" ಎಂದಿದ್ದರೆ ಸೇವಾ ಶುಲ್ಕ 10% ಮತ್ತು ತೆರಿಗೆ ಬೇರೆ ಎಂದರ್ಥ. 2024ರಿಂದ ಅಲ್ಲಿ ವ್ಯಾಟ್ 18%. 10,000 ಶ್ರೀಲಂಕಾ ರೂಪಾಯಿಯ ಕೋಣೆ ಕೈಗೆ ಬರುವಾಗ ಹತ್ತಿರ ಹತ್ತಿರ 13,000 ಆಗುತ್ತದೆ. "ಎಲ್ಲ ಸೇರಿ ಎಷ್ಟು?" ಎಂದು ಬರವಣಿಗೆಯಲ್ಲಿ ಕೇಳಿ. ಕ್ಯಾಂಡಿಯಲ್ಲಿ ಎಸಳ ಪೆರಹೆರ ಹಬ್ಬ ಜುಲೈ ಅಥವಾ ಆಗಸ್ಟ್‌ನಲ್ಲಿ ಬರುತ್ತದೆ, ಹುಣ್ಣಿಮೆ ನೋಡಿ ದಿನ ಗೊತ್ತು ಮಾಡುತ್ತಾರೆ. ನಿಮ್ಮ ದಿನಗಳಿಗೆ ತಾಗುತ್ತದಾ ನೋಡಿಕೊಳ್ಳಿ. ತಾಗಿದರೆ ಕೋಣೆ ಬೆಲೆ ಹಾರುತ್ತದೆ, ಸಂಜೆ ರಸ್ತೆಗಳು ಮುಚ್ಚುತ್ತವೆ.

ಇನ್ನೊಂದು, ಯಾರೂ ಕೇಳದ ವಿಷಯ. ನೀವು ಚಾಲಕರ ಸಮೇತ ಕಾರು ತಗೊಳ್ಳುತ್ತೀರಿ ಅಲ್ವಾ? ಚಾಲಕರು ರಾತ್ರಿ ಎಲ್ಲಿ ಮಲಗುತ್ತಾರೆ? ದೊಡ್ಡ ಹೋಟೆಲ್‌ಗಳಲ್ಲಿ ಅವರಿಗೆ ಬೇರೆ ಕೋಣೆ ಇರುತ್ತದೆ, ಹೋಂಸ್ಟೇಗಳಲ್ಲಿ ಎಷ್ಟೋ ಕಡೆ ಇಲ್ಲ. ಸೊಳ್ಳೆಯ ನಡುವೆ ಕಾರಿನ ಸೀಟಿನಲ್ಲೇ ಮಲಗಿದ ಮನುಷ್ಯ ಮರುದಿನ ಟ್ರಿಂಕೋದಿಂದ ಕ್ಯಾಂಡಿಗೆ 5 ಗಂಟೆ ನಿಮ್ಮ ಮಗಳನ್ನು ಕೂರಿಸಿಕೊಂಡು ಓಡಿಸುತ್ತಾನೆ. ಕೋಣೆ ಇಲ್ಲವಾದರೆ ಹತ್ತಿರದಲ್ಲಿ ಮಲಗಲು ದುಡ್ಡು ಕೊಡಿ. ಹಾಗೆಯೇ, ಕೆಲವು ಚಾಲಕರು "ನೀವು ಹಿಡಿದ ಹೋಟೆಲ್ ಚೆನ್ನಾಗಿಲ್ಲ, ಬೇರೆ ತೋರಿಸುತ್ತೇನೆ" ಅನ್ನುತ್ತಾರೆ. ಅಲ್ಲಿ ಅವರಿಗೆ ಕಮಿಷನ್ ಇರುತ್ತದೆ. ನಗುತ್ತಾ ಬೇಡ ಅನ್ನಿ, ನೀವು ಹಿಡಿದ ಕಡೆಗೆ ನೀವೇ ಫೋನ್ ಮಾಡಿ ಕೇಳಿ.

ಸಿಗಿರಿಯ, ಹಬರಣದಲ್ಲಿ ಕತ್ತಲಾದ ಮೇಲೆ ನಡೆದು ಊಟಕ್ಕೆ ಹೋಗಬೇಡಿ. ಕಾಡಾನೆ ರಸ್ತೆಗೇ ಬರುತ್ತವೆ. ಎರಡು ಹೆಜ್ಜೆ ದೂರವಾದರೂ ಆಟೊ ಕರೆಸಿ.

ಟ್ರಿಂಕೋದಲ್ಲಿ ಉಪ್ಪುವೇಲಿ, ನಿಲಾವೇಲಿ ಎಂದು ಎರಡು ಕಡಲತೀರಗಳು. ನಿಲಾವೇಲಿ ವಿಶಾಲ, ಎದುರಿಗೇ ಪಾರಿವಾಳ ದ್ವೀಪ, ಮಗಳಿಗೆ ಬಣ್ಣದ ಮೀನು ತೋರಿಸಬಹುದು. ಆದರೆ ನಾನು ನಿಮಗೆ ಉಪ್ಪುವೇಲಿ ಹೇಳುತ್ತೇನೆ. ಪೇಟೆ ಹತ್ತಿರ, ಕೋಣೇಶ್ವರ ದೇವಸ್ಥಾನ ಹತ್ತಿರ, ಊಟ, ಔಷಧಿ ಅಂಗಡಿ ಹತ್ತಿರ. ಮರಳಿಗೆ ನೇರ ಬಾಗಿಲು ಇರುವ, ನೆಲಮಟ್ಟದ ಕೋಣೆ ಕೇಳಿ. ರಸ್ತೆ ದಾಟಿ ಹೋಗಬೇಕಾದ "ಬೀಚ್ ಹತ್ತಿರದ" ಕೋಣೆ ಬೇಡ. ಕಡಲು ಪೂರ್ವಕ್ಕಿರುವುದರಿಂದ ಸೂರ್ಯ ನೀರಿನಿಂದಲೇ ಏಳುತ್ತಾನೆ. ಬೆಳಿಗ್ಗೆ 6ಕ್ಕೆ ಕ್ರೀಮ್ ಹಚ್ಚಿ, ಒಂದು ಕುರ್ಚಿ ನೀರಂಚಿಗೆ ಒಯ್ದು ಅತ್ತೆಯನ್ನು ಕೂರಿಸಿ. 9ರ ಮೇಲೆ ಮರಳು ಕಾಲು ಸುಡುತ್ತದೆ, ಅಷ್ಟರೊಳಗೆ ಕರೆದುಕೊಂಡು ಬನ್ನಿ.